ಕರೆಂಟು ಹೋಗಿರಲಿಲ್ಲ

ಆ ಸಂಜೆ ಕರೆಂಟು ಹೋಗಿತ್ತು ಎಂದು ಸೊಸೆಗೆ ಹೇಳಿದೆ, ಮಗನಿಗೆ ಹೇಳಿದೆ, ಕೆ.ಆರ್. ನಗರದಲ್ಲಿರುವ ಮಗಳಿಗೆ ಫೋನಿನಲ್ಲೂ ಹೇಳಿದೆ. ಹೋಗಿರಲಿಲ್ಲ. ದೀಪ ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು, ಟಿ.ವಿ. ಬೀದಿಗೆ ಕೇಳುವಂತೆ ಬೊಬ್ಬೆ ಹೊಡೆಯುತ್ತಿತ್ತು. ಆ ಬೊಬ್ಬೆಯ ವಿಷಯ ಒಪ್ಪಿಕೊಳ್ಳಲೆಂದೇ ಇದನ್ನು ಬರೆಯಲು ಕೂತಿದ್ದೇನೆ.

ನಮ್ಮೂರು ಹುಣಸೂರಿಗೆ ಹತ್ತಿರ. ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಹೊಗೆಸೊಪ್ಪು ಬೆಳೆದುಕೊಂಡೇ ಬದುಕಿದವನು ನಾನು. ನನ್ನ ಹೆಂಡತಿ ಸರಗೂರಿನಿಂದಾಚೆ, ಕಾಕನಕೋಟೆ ಕಾಡಿನ ಅಂಚಿನ ಹಳ್ಳಿಯವಳು. ಅವಳಿಗೆ ಮರೆವಿನ ಕಾಯಿಲೆ ಬಂದು ಕೆಲವು ವರ್ಷವಾಯಿತು. ಮಗ ಲಾರಿ ಓಡಿಸುತ್ತಾನೆ, ಮನೆಗೆ ಬರುವುದು ಅಪರೂಪ. ಸೊಸೆ ಹುಣಸೂರು ಪೇಟೆಯಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದಾಳೆ, ದೀಪ ಹಚ್ಚಿದ ಮೇಲೆ ಬರುತ್ತಾಳೆ. ಅಲ್ಲಿಯವರೆಗೆ ಮನೆಯಲ್ಲಿ ನಾವಿಬ್ಬರೇ.

ಬೆಳಿಗ್ಗೆ ನನ್ನ ಹೆಂಡತಿ ಚೆನ್ನಾಗಿರುತ್ತಾಳೆ. ಅವರೆಕಾಯಿ ಬಿಡಿಸುತ್ತಾಳೆ, ಕೋಳಿಗಳನ್ನು ಬೈಯುತ್ತಾಳೆ, ನನ್ನನ್ನೂ ಬೈಯುತ್ತಾಳೆ. ಹೊತ್ತು ಇಳಿಯುತ್ತಿದ್ದಂತೆ ತಳಮಳ ಶುರುವಾಗುತ್ತದೆ. "ನಮ್ಮವ್ವ ಕಾಯ್ತಾ ಇರ್ತಾಳೆ, ಸರಗೂರ್ ಬಸ್ಸು ತಪ್ಪೋಯ್ತದೆ" ಎಂದು ಸೆರಗು ಸಿಕ್ಕಿಸಿಕೊಂಡು ಎದ್ದು ನಿಲ್ಲುತ್ತಾಳೆ. ಆ ಹೊತ್ತಿನಲ್ಲಿ ಅವಳನ್ನು ಕೂರಿಸಲು ಟಿ.ವಿ. ಒಂದರಿಂದಲೇ ಸಾಧ್ಯ. ಆದರೆ ಏನು ಹಾಕಬೇಕೆನ್ನುವುದು ನಾನು ಅಂದುಕೊಂಡಷ್ಟು ಸುಲಭದ ಕೆಲಸವಲ್ಲ. ಮೈಸೂರಿನ ಡಾಕ್ಟರು ಮೊದಲೇ ಹೇಳಿದ್ದರು: "ಅದರೊಳಗೆ ಏನೇ ಆದರೂ ಮನೆಯೊಳಗೇ ಆಗ್ತಿದೆ ಅಂತ ಅವರಿಗೆ ಅನ್ನಿಸುತ್ತೆ. ನೋಡಿಕೊಂಡು ಹಾಕಿ." ಸೊಸೆ ಅದನ್ನು ಕಿವಿಗೊಟ್ಟು ಕೇಳಿದಳು. ನನಗೆ ಕಿವಿ ಮಂದ.

ದೋಷವನ್ನೆಲ್ಲ ಕಿವಿಯ ಮೇಲೆ ಹೊರಿಸುವುದೂ ತಪ್ಪು. ನಿಜ ಹೇಳಬೇಕೆಂದರೆ ನನಗೆ ಹುಡುಗನಾಗಿದ್ದಾಗಿನಿಂದ ಸಿನಿಮಾ ಹುಚ್ಚು, ಅದರಲ್ಲೂ ಹೊಡೆದಾಟದ ಸಿನಿಮಾ. ಸೊಸೆ ಹೊರಗಡೆ ಹೆಜ್ಜೆ ಇಟ್ಟರೆ ನನ್ನ ಕೈ ರಿಮೋಟಿಗೆ ಹೋಗುತ್ತಿತ್ತು. ಆ ಸಂಜೆಯೂ ಹಾಗೇ ಆಯಿತು. ನಾನು ಹಿಂದೆ ಎಷ್ಟೋ ಸಲ ನೋಡಿದ ಹಳೆಯ ಸಿನಿಮಾ. ಖಳನಾಯಕ ನಾಯಕಿಯ ಜಡೆ ಹಿಡಿದು ಎಳೆದಾಡುವ ಜಾಗ ಬಂತು.

ಹೆಂಡತಿ ನನ್ನ ತೋಳು ಹಿಡಿದಳು. "ಒಡೀತಾವ್ನೆ ನೋಡಿ. ಓಗಿ ಬುಡ್ಸಿ."

"ಸುಮ್ಕಿರು, ಸಿನಿಮಾ ಕಣೆ ಅದು."

"ಎಣ್ಮಗ ಕಿರುಚ್ತಾ ಅವ್ಳೆ, ಕೂತವ್ರಲ್ಲ ನೀವು! ಬುಡ್ಸಿ ಅಂದ್ರೆ!"

ಅವಳ ಮಾತಿನ ನಡುವೆ ನನಗೆ ಡೈಲಾಗು ಕೇಳಿಸಲಿಲ್ಲ. ಸೌಂಡು ಜಾಸ್ತಿ ಮಾಡಿದೆ. ನನ್ನ ತಪ್ಪು ಇಷ್ಟೇ, ಒಂದು ಗುಂಡಿ ಒತ್ತಿದ್ದು. ಹೊಡೆದಾಟ ಮುಗಿದು ಪಕ್ಕಕ್ಕೆ ತಿರುಗಿದರೆ ಚಾಪೆ ಖಾಲಿ, ಬಾಗಿಲು ತೆರೆದಿದೆ.

ಅವಳು ಹಾಲಿನ ಡೈರಿಯ ಹತ್ತಿರ ಸಿಕ್ಕಳು. ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರನ್ನೆಲ್ಲ ಕೈ ಹಿಡಿದು ಎಳೆಯುತ್ತಿದ್ದಳಂತೆ: "ಬನ್ನಿ, ನಮ್ಮನೇಲಿ ಎಣ್ಮಗೀನ ಒಡೀತಾವ್ರೆ, ಯಾರಾದ್ರೂ ಬನ್ನಿ." ಇಬ್ಬರು ಹೆಂಗಸರು ಅವಳನ್ನು ಕರೆದುಕೊಂಡು ಬರುತ್ತಿದ್ದಾಗ ನಾನು ದಾರಿಯಲ್ಲಿ ಎದುರಾದೆ. ಅಷ್ಟರಲ್ಲಿ ಸೊಸೆಯೂ ಬಸ್ಸಿಳಿದು ಬಂದಳು. ಏನಾಯಿತು ಮಾವ ಎಂದಳು. ನನ್ನ ಬಾಯಿಂದ ಬಂದದ್ದು: "ಕರೆಂಟ್ ಓಗಿತ್ತು ಕಣವ್ವ. ಕತ್ಲಲ್ಲಿ ಎದ್ದೋಗ್ಬುಟ್ಟವ್ಳೆ." ಹೊಡೆದಾಟದ ಸಿನಿಮಾ ಹಾಕಿದ್ದು ಗೊತ್ತಾದರೆ ಟಿ.ವಿ. ಅಟ್ಟ ಸೇರುತ್ತದೆ ಎಂಬ ಭಯ ನನಗೆ.

ಸುಳ್ಳು ಹೇಳಿ ಗೆದ್ದೆ ಅಂದುಕೊಂಡೆ. ಮಾರನೆಯ ದಿನ ಟೀ ಅಂಗಡಿಗೆ ಹೋದರೆ ನನ್ನ ಜೊತೆಯಲ್ಲಿ ಓದಿದ ಗೆಳೆಯ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಏನ್ಲಾ, ಈ ವಯಸ್ನಲ್ಲಿ ಕೈ ಎತ್ತಿದ್ಯಂತೆ?"

"ಯಾರ್ ಮ್ಯಾಲ್ಲಾ?"

"ಇನ್ಯಾರ್ ಮ್ಯಾಲೆ? ಮನೇಲಿ ಒಡೀತಾವ್ರೆ ಅಂತ ಅಕ್ಕ ಡೈರಿ ತಾವ ಬಂದು ಕೂಗಿದ್ರಂತಲ್ಲ."

"ಅದು ಟಿ.ವಿ.ಲಿ ಕಣ್ಲಾ!" ಎನ್ನಲು ಬಾಯಿ ತೆರೆದೆ, ಮುಚ್ಚಿದೆ. ಕರೆಂಟೇ ಇಲ್ಲದ ಮನೆಯಲ್ಲಿ ಟಿ.ವಿ. ಎಲ್ಲಿಯದು? ಮನೆಯಲ್ಲಿ ಇದ್ದವರು ಇಬ್ಬರು. ಹೊಡೆಸಿಕೊಂಡವಳು ಒಬ್ಬಳು ಎಂದಾದರೆ ಹೊಡೆದವನು ಯಾರೆಂದು ಲೆಕ್ಕ ಹಾಕಲು ಎಸ್ಸೆಸ್ಸೆಲ್ಸಿ ಬೇಕಿರಲಿಲ್ಲ.

ಸೊಸೆಯೂ ಅದೇ ಲೆಕ್ಕ ಹಾಕಿದ್ದಳು. ಜಗಳವಾಡಲಿಲ್ಲ. ಅತ್ತೆಗೆ ಸ್ನಾನ ಮಾಡಿಸುವಾಗ ತೋಳು, ಬೆನ್ನು ತಿರುಗಿಸಿ ತಿರುಗಿಸಿ ನೋಡುವಳು. ನನ್ನ ತಟ್ಟೆಗೆ ಮುದ್ದೆ ಇಡುವಾಗ ಮಾತಿಲ್ಲ, ಸಾರಿನಲ್ಲಿ ಕಾಳೂ ಇಲ್ಲ. ಕೊನೆಗೊಂದು ಸಂಜೆ ಹೇಳಿದಳು: "ಮಾವ, ಈ ತಿಂಗ್ಳು ಕಳೀಲಿ, ಅತ್ತೇನ ಕೆ.ಆರ್. ನಗರಕ್ಕೆ ಬುಡ್ತೀವಿ. ಅಲ್ಲಿ ಯಾವಾಗ್ಲೂ ಮನೇಲಿ ಜನ ಇರ್ತಾರೆ. ಇಲ್ಲಿ ಸಂಜೆ ಒತ್ತು ನೀವೊಬ್ರೇ, ನಿಮ್ ಕೈಲಿ ಆಗಾಕಿಲ್ಲ."

ಮಗಳ ಮನೆಯ ಮುಂದೆಯೇ ನಾಲೆ ಹರಿಯುತ್ತದೆ. ಸರಗೂರು ಬಸ್ಸು ಹುಡುಕಿಕೊಂಡು ಹೊರಡುವವಳನ್ನು ಅಲ್ಲಿ ಬಿಡುವುದೇ? ಅದು ನಾನು ಹೊರಗೆ ಹೇಳಿದ ಕಾರಣ. ಒಳಗಿನ ಕಾರಣ ಬೇರೆ ಇತ್ತು. ಬೈಯುವವಳಿಲ್ಲದ ಬೆಳಗು ನನಗೆ ಬೇಡವಾಗಿತ್ತು. "ಸಂಜೆ ಗಲಾಟೆ ಇಲ್ದಂಗೆ ನೋಡ್ಕೋತೀನಿ, ನೋಡ್ತಿರು" ಎಂದೆ. "ನೋಡವ ಬುಡಿ" ಎಂದಳು.

ಅಂದಿನಿಂದ ಹುಡುಕಾಟ ಶುರುವಾಯಿತು. ಮೊದಲು ದೇವರ ಸಿನಿಮಾ. ಭಜನೆ ಬಂದಾಗ ಕೈ ಮುಗಿದು ಕೂತಳು, ಕೋರೆಹಲ್ಲಿನ ರಾಕ್ಷಸ ಬಂದಾಗ ನನ್ನ ಹೆಗಲ ಟವೆಲಿನಲ್ಲಿ ಮುಖ ಮುಚ್ಚಿಕೊಂಡಳು. ಧಾರಾವಾಹಿ ಹಾಕಿದೆ. ಅದರಲ್ಲಿ ಅತ್ತೆ ಸೊಸೆಯ ಹಾಲಿಗೆ ಏನೋ ಬೆರೆಸಿದಳು. ನಮ್ಮವಳು ಎರಡು ದಿನ ಹಾಲು ಮುಟ್ಟಲಿಲ್ಲ. ಹಾಸ್ಯವಾದರೂ ಹಾಕೋಣವೆಂದರೆ ಬಾಳೆಸಿಪ್ಪೆ ತುಳಿದು ಜಾರಿ ಬಿದ್ದವನಿಗೆ ಅವಳು ಅತ್ತಳು. ಅಡುಗೆ ಕಾರ್ಯಕ್ರಮ ಒಂದು ಪರವಾಗಿರಲಿಲ್ಲ. "ಉಳೀನೇ ಬುಡ್ನಿಲ್ಲ, ಏನ್ ಸಾರೇ ಅದು ನಿಂದು!" ಎಂದು ಟಿ.ವಿ.ಯ ಹೆಂಗಸಿಗೆ ಬೈದು ಖುಷಿಯಾಗಿದ್ದಳು. ಆದರೆ ಅದು ಮುಗಿದ ಮೇಲೆ ಒಲೆ ಹಚ್ಚಲು ಎದ್ದು ಹೋದಳು.

ಹೀಗೆ ಹುಡುಕುವಾಗ ನನ್ನ ಹಳೆಯ ಕಸುಬು ನೆರವಿಗೆ ಬಂತು. ಹೊಗೆಸೊಪ್ಪು ಬೇಯಿಸುವ ಕೋಣೆಗೆ, ಅಂದರೆ ಬ್ಯಾರನ್ನಿಗೆ, ಒಂದು ಗಾಜಿನ ಕಿಂಡಿ ಇರುತ್ತದೆ. ಅದರಲ್ಲಿ ಥರ್ಮಾಮೀಟರು ನೋಡಿ ನೋಡಿ ಸೌದೆ ಒಟ್ಟಬೇಕು. ಕಾವು ಒಮ್ಮೆಗೇ ಏರಿದರೆ ಸೊಪ್ಪು ಕರ್ರಗಾಗುತ್ತದೆ. ನಾನು ಟಿ.ವಿ.ಯ ಪಕ್ಕದಲ್ಲಿ, ಅವಳ ಕಡೆ ಮುಖ ಮಾಡಿ ಕೂರತೊಡಗಿದೆ. ಅವಳ ಬೆರಳು ಸೆರಗಿನ ತುದಿಯನ್ನು ಹೊಸೆಯಲು ಶುರು ಮಾಡಿದರೆ ಕಾವು ಏರಿತೆಂದು ಅರ್ಥ. ಕೂಡಲೇ ಚಾನೆಲ್ ಬದಲಿಸುವೆ. ಮದುವೆಯಾದ ಇಷ್ಟು ವರ್ಷದಲ್ಲಿ ಅವಳ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ಟೀ ಅಂಗಡಿಯ ಗೆಳೆಯ ಒಂದು ಉಪಾಯ ಹೇಳಿದ: "ಪ್ರಾಣಿಗೋಳ್ದು ಆಕ್ಲಾ. ಕತೆ ಇಲ್ಲ, ಜಗಳ ಇಲ್ಲ, ತಂಪಾಗಿರ್ತದೆ."

ಸರಿ ಅನ್ನಿಸಿತು. ಒಂದು ಸಂಜೆ ಊಟಕ್ಕೆ ತಟ್ಟೆ ಇಟ್ಟು, ಕಾಡಿನ ಚಿತ್ರವೊಂದನ್ನು ಹಾಕಿದೆ. ಹಸಿರು ಹುಲ್ಲು, ನಿಧಾನವಾದ ಕೊಳಲು, ಹೊಳೆ ದಾಟುವ ಆನೆ ಹಿಂಡು. ಇದಕ್ಕಿಂತ ಶಾಂತವಾದದ್ದು ಇನ್ನೇನಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುವಷ್ಟರಲ್ಲಿ ಅವಳು ಎದ್ದು ನಿಂತಳು.

"ಆನೆ! ಆನೆ ಬಂದ್ವು! ರಾಗಿ ಓಯ್ತು, ಎದ್ದೇಳಿ!"

ಅವಳು ಎಲ್ಲಿಯವಳೆಂಬುದನ್ನೇ ನಾನು ಮರೆತಿದ್ದೆ. ಕಾಡಂಚಿನ ಹೊಲದಲ್ಲಿ ಅಪ್ಪನ ಜೊತೆ ಅಟ್ಟಣೆ ಮೇಲೆ ಕೂತು ರಾಗಿ ಕಾದು ಬೆಳೆದವಳಿಗೆ ಆನೆ ಎಂದರೆ ಕೊಳಲಿನ ಸಂಗೀತವೇ? ತಟ್ಟೆ ಎತ್ತಿಕೊಂಡು ಲೋಟದಲ್ಲಿ ಬಡಿಯತೊಡಗಿದಳು. "ಓಯ್! ಓಯ್! ಓಗ್ರೋ!" ಚಾನೆಲ್ ಬದಲಿಸಲು ರಿಮೋಟು ಹುಡುಕಿದರೆ ಅದು ಅವಳ ಕಾಲಿನ ಕೆಳಗಿದೆ. "ಏನ್ ನೋಡ್ತೀರಿ ಮೊಕ, ಬಡೀರಿ ನೀವೂವೆ!" ಎಂದು ನನ್ನ ಕೈಗೆ ನನ್ನ ತಟ್ಟೆ ತುರುಕಿದಳು. ಆದರೆ ಅವಳ ಬೆರಳಿನಲ್ಲಿ ಸೆರಗಿರಲಿಲ್ಲ. ಮುಖದಲ್ಲಿ ಭಯವೂ ಇರಲಿಲ್ಲ. ನಾನೂ ಬಡಿದೆ. ಜೋರಾಗಿಯೇ ಬಡಿದೆ, ಕೂಗಿದೆ.

ಆಗ ಬಾಗಿಲು ಧಡಾರನೆ ತೆರೆಯಿತು. ಸೊಸೆ ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿದಳು. "ಬುಡಿ ಮಾವ ಅತ್ತೇನ!" ಎಂದವಳು ಅಲ್ಲೇ ನಿಂತುಬಿಟ್ಟಳು. ಇಬ್ಬರು ಮುದುಕರು ಅಕ್ಕಪಕ್ಕ ನಿಂತು ತಟ್ಟೆ ಬಡಿಯುತ್ತಾ ಟಿ.ವಿ.ಗೆ ಕೂಗುತ್ತಿದ್ದೇವೆ. ಟಿ.ವಿ.ಯ ಕೊನೆಯ ಮರಿಯಾನೆ ದಡ ಹತ್ತಿ ಪೊದೆಯೊಳಗೆ ಮಾಯವಾಯಿತು.

"ಓದ್ವು ಬುಡಿ" ಎಂದಳು ಹೆಂಡತಿ. ಬೆವರು ಒರೆಸಿಕೊಂಡು ಕೂತಳು. "ಬಾರವ್ವ, ಒಳ್ಳೆ ಒತ್ಗೆ ಬಂದೆ. ಮುದ್ದೆ ಇಕ್ಕು. ಒಟ್ಟೆ ಅಸ್ದದೆ."

ಸೊಸೆ ಗೋಡೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ರಾತ್ರಿ ನನ್ನ ಹೆಂಡತಿ ಒಂದೂವರೆ ಮುದ್ದೆ ಉಂಡಳು. ಅಮ್ಮನ ಮನೆಯ ಮಾತು ಎತ್ತಲೇ ಇಲ್ಲ. ಹೊಲ ಉಳಿಸಿಕೊಂಡವಳ ಹಾಗೆ ಕಾಲು ಚಾಚಿ ಕೂತಿದ್ದಳು.

ಸೊಸೆಯ ಮುಖದಲ್ಲಿ ಇನ್ನೂ ನಗು ಇತ್ತು. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಅನ್ನಿಸಿತು.

"ಅವತ್ತು ಕರೆಂಟ್ ಓಗಿರ್ನಿಲ್ಲ ಕಣವ್ವ."

"ಯಾವತ್ತು?"

ಹೇಳಿದೆ. ಸಿನಿಮಾ, ಜಡೆ, ಬಿಡಿಸಿ ಎಂದು ಅವಳು ಕೇಳಿಕೊಂಡದ್ದು, ನಾನು ಸೌಂಡು ಜಾಸ್ತಿ ಮಾಡಿದ್ದು, ಎಲ್ಲ. ಸೊಸೆಯ ನಗು ಇಳಿಯಿತು.

"ಅಲ್ಲ ಮಾವ, ಇಷ್ಟ್ ದಿನ ನಿಮ್ಮನ್ನ ಎಂಡ್ತಿ ಒಡಿಯೋ ಗಂಡ ಅಂದ್ಕೊಂಡು ಅನ್ನ ಇಕ್ತಿದ್ನಲ್ಲ! ಒಂದ್ ಮಾತ್ ಏಳಾಕೆ ಏನಾಗಿತ್ತು?"

"ಟಿ.ವಿ. ಕಿತ್ತಾಕ್ತೀಯ ಅಂತ."

"ಎಂಡ್ತಿ ಓದ್ರೆ ಓಗ್ಲಿ, ಟಿ.ವಿ. ಇರ್ಲಿ ಅಂತಾ?"

ಅವಳು ಎದ್ದು ಹೋಗಿ ಸಾರಿನ ಪಾತ್ರೆ ತಂದು, ತಳದಿಂದ ಕಾಳು ತೆಗೆದು ನನ್ನ ತಟ್ಟೆಗೆ ಬಡಿಸಿದಳು. "ಅತ್ತೆ ಕೆ.ಆರ್. ನಗರಕ್ಕೆ ಓಗಾದು ಬ್ಯಾಡ. ಆದ್ರೆ ಮೊದ್ಲು ನೀವು ಅತ್ತೆ ತಾವ ತಪ್ಪಾಯ್ತು ಅನ್ನಿ."

ಹೆಂಡತಿಯ ಪಕ್ಕ ಕೂತು ಹೇಳಿದೆ: "ಲೇ, ಅವತ್ತು ನೀನು ಬುಡ್ಸಿ ಅಂದ್ರೂ ಬುಡಿಸ್ನಿಲ್ಲ. ತಪ್ಪಾಯ್ತು."

ಅವಳಿಗೆ ಅದೆಲ್ಲ ಮರೆತೇ ಹೋಗಿರುತ್ತದೆ ಅಂದುಕೊಂಡಿದ್ದೆ. ಅವಳು ನನ್ನನ್ನೇ ನೋಡಿದಳು. "ಆ ಎಣ್ಮಗ ಈಗ ಎಲ್ಲದೆ?"

ನಾನು, ಸೊಸೆ ಮುಖ ಮುಖ ನೋಡಿಕೊಂಡೆವು. ನನ್ನ ಹೆಸರು ಮರೆಯುವವಳು ಆ ಹುಡುಗಿಯನ್ನು ಇಷ್ಟು ದಿನ ಎದೆಯಲ್ಲಿಟ್ಟುಕೊಂಡಿದ್ದಳು.

ಮಾರನೆಯ ಸಂಜೆ ನನ್ನ ಸಿನಿಮಾ ಹುಚ್ಚು ಮೊದಲ ಬಾರಿಗೆ ಒಂದು ಒಳ್ಳೆಯ ಕೆಲಸಕ್ಕೆ ಬಂತು. ಆ ನಾಯಕಿಯ ಸಿನಿಮಾಗಳೆಲ್ಲ ನನಗೆ ಬಾಯಿಪಾಠ. ಹೊಡೆದಾಟವಿಲ್ಲದ ಒಂದು ಸಂಸಾರದ ಸಿನಿಮಾ ನೆನಪಾಯಿತು. ಟಿ.ವಿ.ಯ ಇಂಟರ್ನೆಟ್ಟಿನಲ್ಲಿ ಹುಡುಕಿ ಹಾಕಿದೆ. ತೊಟ್ಟಿಲು ತೂಗುವ ಜಾಗಕ್ಕೆ ಓಡಿಸಿದೆ. ಅದೇ ಮುಖ, ಅದೇ ಜಡೆ, ಹೂ ಮುಡಿದಿದ್ದಾಳೆ, ನಗುತ್ತಿದ್ದಾಳೆ.

"ನೋಡು, ಚೆನ್ನಾಗವ್ಳೆ" ಎಂದೆ.

ಹೆಂಡತಿ ಮುಂದಕ್ಕೆ ಬಾಗಿ, ಬಹಳ ಹೊತ್ತು ನೋಡಿದಳು. "ನೀವು ಓಗಿ ಬುಡಿಸ್ಕೊಂಡ್ ಬಂದ್ರಾ?"

ಹೂಂ ಎನ್ನಬಹುದಿತ್ತು. "ಇಲ್ಲ ಕಣೆ. ನೀನು ಜನಾನ ಕರ್ಕೊಂಡ್ ಬಂದ್ಯಲ್ಲ, ಅದಕ್ಕೇ ಬುಡುಗಡೆ ಆಯ್ತು."

ಅವಳು ಅದನ್ನು ಒಪ್ಪಿಕೊಂಡಳು. ಸೆರಗಿನ ತುದಿ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಸ್ವಲ್ಪ ಹೊತ್ತು ಬಿಟ್ಟು ನನ್ನ ಮೊಣಕೈ ತಿವಿದಳು.

"ಸೌಂಡ್ ಕಮ್ಮಿ ಮಾಡಿ. ಮಗ ಮಲ್ಗದೆ."

ಕಮ್ಮಿ ಮಾಡಿದೆ. ನನಗೆ ಏನೂ ಕೇಳಿಸಲಿಲ್ಲ, ತೊಟ್ಟಿಲು ಮಾತ್ರ ಅತ್ತಿತ್ತ ತೂಗುತ್ತಿತ್ತು. ಹೆಂಡತಿ ಅದಕ್ಕೆ ಸರಿಯಾಗಿ ತಲೆ ತೂಗುತ್ತಿದ್ದಳು. ನಾನು ಅವಳನ್ನು ನೋಡುತ್ತಾ ಕೂತೆ.