ಸಹಮ್‌ನ ಕೊಳದಲ್ಲಿ ಹರಕು ಬಾಲದ ಮೀನು

ಒಮಾನಿನ ಸಹಮ್ ಊರಿನ ತೋಟವೊಂದರ ಕೊಳವನ್ನು ಶನಿವಾರ ಬರಿದು ಮಾಡುತ್ತಾರೆಂಬ ಸುದ್ದಿ ಗುರುವಾರ ಸಂಜೆ ಬಂತು. ತಳಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಸೋರುತ್ತಿತ್ತು. ನೀರು ಬಿಟ್ಟು, ಬಲೆ ಎಳೆದು, ಮೀನನ್ನೆಲ್ಲ ಮಾರಿ ಹೊಸ ಹಾಳೆ ಹಾಸುವುದು ತೋಟದ ಯಜಮಾನರ ಯೋಜನೆ. ಮಸ್ಕತ್‌ನಲ್ಲಿ ಇದರಿಂದ ಕಂಗೆಟ್ಟವರು ಬಹುಶಃ ಒಬ್ಬರೇ: ನನ್ನ ಅಕ್ಕನ ಗಂಡ.

ಭಾವ ಮಸ್ಕತ್‌ನ ಘಾಲಾ ಬಡಾವಣೆಯ ಗೋದಾಮೊಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತಾರೆ. ಕೆಲಸ ಬಿಟ್ಟು ಹೋದ ಸಹೋದ್ಯೋಗಿಯೊಬ್ಬರ ಫ್ಲೈ ಫಿಶಿಂಗ್ ಕೋಲು ಕೈಗೆ ಬಂದಾಗಿನಿಂದ ಅವರ ಶುಕ್ರವಾರಗಳೆಲ್ಲ ಈ ಕೊಳಕ್ಕೆ ಮೀಸಲು. ಈ ಬಗೆಯ ಗಾಳದಲ್ಲಿ ಎರೆಹುಳವಿಲ್ಲ, ಸೀಸದ ಗುಂಡಿಲ್ಲ. ಪುಟ್ಟ ಕೊಕ್ಕೆಗೆ ಗರಿ, ಉಣ್ಣೆ ಸುತ್ತಿ ಹುಳದ ರೂಪ ಕೊಡಬೇಕು. ದಪ್ಪ ದಾರವನ್ನು ಗಾಳಿಯಲ್ಲಿ ಹಿಂದೆ ಮುಂದೆ ಬೀಸಿ, ಆ ದಾರದ ಭಾರದಿಂದಲೇ ಹುಳವನ್ನು ನೀರಿನ ಮೇಲೆ ಇಳಿಸಬೇಕು. ತುದಿಯಲ್ಲಿರುವುದು ಕೂದಲೆಳೆಯಂಥ ನೈಲಾನ್.

ಕೊಳದಲ್ಲಿದ್ದದ್ದು ತಿಲಾಪಿಯಾ, ನಮ್ಮ ಕಡೆಯ ಜಿಲೇಬಿ ಮೀನು. ಸಣ್ಣವು ಭಾವನಿಗೆ ಸಿಕ್ಕಿದ್ದವು. ನೀರು ಬೀಳುವ ಪೈಪಿನ ಕೆಳಗೆ ಠಿಕಾಣಿ ಹೂಡಿದ್ದ, ಬಾಲದ ತುದಿ ಹರಿದ ದೊಡ್ಡದು ಮಾತ್ರ ಪ್ರತಿ ಸಲವೂ ನೈಲಾನ್ ತುಂಡರಿಸಿ ಹೋಗಿತ್ತು. ತಪ್ಪು ಭಾವನ ಬಲಗೈಯದು. ಅವರು ಬೆಳೆದದ್ದು ಉಡುಪಿ ಕಡೆಯ ಅಳಿವೆಯಲ್ಲಿ, ಗಾಳದ ದಾರವನ್ನು ಬರಿಗೈಯಲ್ಲೇ ಹಿಡಿದು. ಅಲ್ಲಿ ಮೀನು ಮುಟ್ಟಿದ ಕೂಡಲೇ ಬಲವಾಗಿ ಜಗ್ಗಬೇಕು. ಇಲ್ಲಿ ಕೋಲನ್ನು ಮೆಲ್ಲನೆ ಎತ್ತಿದರೆ ಸಾಕು. ಭಾವನಿಗೆ ಇದು ಗೊತ್ತು, ಆದರೆ ಕೈ ಕೇಳುವುದಿಲ್ಲ.

ಶುಕ್ರವಾರ ಮಧ್ಯಾಹ್ನ ಭಾವ, ಅಕ್ಕ, ನಾನು ಮೂವರೂ ಸಹಮ್ ತಲುಪಿದೆವು. ಯಜಮಾನರು ಖರ್ಜೂರ, ಕಹ್ವಾ ಕಾಫಿ ತಂದಿಟ್ಟು ಕೊಳದತ್ತ ಕೈ ತೋರಿಸಿ, ನಾಳೆ ನೀರು ಖಾಲಿ, ಹಿಡಿಯುವುದಾದರೆ ಇವತ್ತೇ ಎಂದು ತಮ್ಮ ಹರಕು ಹಿಂದಿಯಲ್ಲಿ ಅವಸರಿಸಿದರು.

"ಕಲ್ ಪಾನಿ ಖಲಾಸ್. ಆಜ್ ಪಕಡೋ, ಯಲ್ಲಾ!"

ನಾನು ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ಉದ್ವೇಗವನ್ನು ವರದಿಗಳಿಂದ ತೆಗೆದುಹಾಕುವವನು. ಆ ದಿನ ಪೈಪಿನ ಕೆಳಗೆ ಕಪ್ಪು ಬೆನ್ನೊಂದು ಹೊರಳಿ ಹರಿದ ಬಾಲ ಕಂಡಾಗ, ಕಹ್ವಾದ ಬಟ್ಟಲನ್ನು ಖರ್ಜೂರದ ತಟ್ಟೆಯೊಳಗೇ ಇಟ್ಟುಬಿಟ್ಟೆ.

ಭಾವ ಬೀಸಿದರು. ಹಸಿರು ಉಣ್ಣೆಯ ಹುಳ ಪೈಪಿನ ಪಕ್ಕದಲ್ಲೇ ಇಳಿಯಿತು. ನೀರು ಚಪ್ಪರಿಸಿದಂತೆ ಸಣ್ಣ ಸದ್ದು. ಭಾವನ ತೋಳು ಹಾರಿತು, ನೈಲಾನ್ ಪಟ್ಟೆಂದಿತು.

"ಹೋಯ್ತಾ?" ಅಕ್ಕ ಕೇಳಿದಳು.

"ಹೋಯ್ತು."

"ಮೀನು ಹಿಡಿಯುದೋ, ಬಾವಿಯಿಂದ ಕೊಡಪಾನ ಎಳೆಯುದೋ? ಆ ಬಲಗೈಯನ್ನು ಕಾರಲ್ಲಿಟ್ಟು ಬನ್ನಿ ನೀವು."

ನಾನು ನಕ್ಕೆ. ಭಾವ ನಗಲಿಲ್ಲ. ಅಂಥದ್ದೇ ಇನ್ನೊಂದು ಹಸಿರು ಹುಳ ಕಟ್ಟುತ್ತಾ ತಮ್ಮ ಬಲಗೈಯನ್ನೇ ನೋಡುತ್ತಿದ್ದರು.

"ಅವಳು ಹೇಳುದು ಸರಿ ಉಂಟು ಮಾರಾಯ," ಎಂದರು ನನಗೆ.

ಆ ಮೀನು ಹೆದರಿ ತಳ ಸೇರಿತ್ತು. ಕಾದೆವು. ಬಿಸಿಲು ಖರ್ಜೂರದ ಮರಗಳ ಹಿಂದೆ ಇಳಿಯತೊಡಗಿತು. ಸಣ್ಣ ಮೀನುಗಳು ಹುಳಕ್ಕೆ ಮುತ್ತಿದಾಗಲೆಲ್ಲ ಭಾವ ಅದನ್ನು ಹಿಂದಕ್ಕೆಳೆದುಕೊಂಡರು. ಕೊನೆಗೆ ಪೈಪಿನ ಕೆಳಗೆ ಆ ಕಪ್ಪು ಬೆನ್ನು ಮತ್ತೆ ಮೇಲೆ ಬಂತು.

ಭಾವ ಬಲಗೈಯಲ್ಲೇ ಬೀಸಿದರು. ಆದರೆ ಹುಳ ನೀರು ಮುಟ್ಟಿದ್ದೇ ಕೋಲನ್ನು ಎಡಗೈಗೆ ದಾಟಿಸಿ, ಬಲಗೈಯನ್ನು ಪ್ಯಾಂಟಿನ ಜೇಬಿಗೆ ತುರುಕಿದರು. ಮೀನು ತೇಲಿ ಬಂತು. ಹುಳದ ಕೆಳಗೆ ನಿಂತಿತು. ಬಾಯಿ ತೆರೆಯಿತು.

ಜೇಬಿನೊಳಗೆ ಮುಷ್ಟಿ ಜಗ್ಗಿದ್ದನ್ನು ನಾನು ಕಣ್ಣಾರೆ ಕಂಡೆ. ಪ್ಯಾಂಟು ಸೊಂಟದಿಂದ ಒಂದಿಷ್ಟು ಮೇಲೇರಿತು. ಎಡಗೈಗೆ ಆ ಜಗ್ಗುವ ವಿದ್ಯೆ ಗೊತ್ತಿರಲಿಲ್ಲ. ಅದು ಕೋಲನ್ನು ಸುಮ್ಮನೆ ಎತ್ತಿತು. ಕೋಲು ಬಿಲ್ಲಾಯಿತು.

"ಉಂಟು! ಉಂಟು!" ಭಾವ ಕೂಗಿದರು.

"ಎಳಿಬೇಡಿ! ಹಿಂದೆ ನಡೀರಿ!" ನಾನು ಕೂಗಿದೆ.

ಮೀನು ಕೊಳದ ನಡುವಿಗೆ ನುಗ್ಗಿತು, ದಾರ ನೀರನ್ನು ಸೀಳಿತು, ರೀಲ್ ಕರಕರ ತಿರುಗಿತು. ಯಜಮಾನರು ತಮ್ಮ ಉದ್ದನೆಯ ನಿಲುವಂಗಿ ಎತ್ತಿ ಹಿಡಿದುಕೊಂಡು ಓಡಿ ಬಂದರು. ಮೀನು ಸೋತು ವಾಲಿದಾಗ ಭಾವ ಹಿಮ್ಮುಖವಾಗಿ ಒಂದೊಂದೇ ಹೆಜ್ಜೆ ನಡೆದು ಅದನ್ನು ದಡಕ್ಕೆ ತಂದರು. ಅಕ್ಕ ಚಪ್ಪಲಿ ಸಮೇತ ನೀರಿಗಿಳಿದು ಬಕೆಟ್‌ನಲ್ಲಿ ಮೊಗೆದಳು. ಹರಿದ ಬಾಲ ಬಕೆಟ್‌ನ ಅಂಚಿನಿಂದ ಹೊರಗೆ ಬಡಿಯುತ್ತಿತ್ತು.

"ಫೋಟೋ ತೆಗಿ ಮಾರಾಯ, ಬೇಗ! ಹುಳ ಬಾಯಲ್ಲೇ ಕಾಣ್ಬೇಕು. ನಾಳೆ ಬಲೆಗೆ ಬಿದ್ದದ್ದು ಅಂತ ಯಾರೂ ಹೇಳ್ಬಾರ್ದು."

ಮೀನು ಒದ್ದಾಡಿ ಮೊದಲಿನ ಫೋಟೋಗಳೆಲ್ಲ ಮಸುಕಾದವು. ಸರಿಯಾಗಿ ಬಂದದ್ದರಲ್ಲಿ ಮೀನಿನ ತುಟಿಯ ಹಸಿರು ಹುಳ ಸ್ಪಷ್ಟವಾಗಿದೆ. ಭಾವನ ಬಲಗೈ ಇನ್ನೂ ಜೇಬಿನಲ್ಲೇ ಇದೆ.

"ಇನ್ನಾದ್ರೂ ಕೈ ತೆಗೀರಿ," ಎಂದಳು ಅಕ್ಕ.

"ಬೇಡ ಬೇಡ," ಎಂದರು ಭಾವ, ಏದುಸಿರು ಬಿಡುತ್ತಾ. "ಕೊಕ್ಕೆ ನೀನೇ ಬಿಡಿಸು. ಈ ಕೈಯನ್ನು ಈಗ್ಲೂ ನಂಬ್ಲಿಕ್ಕೆ ಆಗುದಿಲ್ಲ."