ಸಹಿಯಿಲ್ಲದ ವಕಾಲತ್ತು

ಆ ದಿನ ಬೆಳಿಗ್ಗೆ ಅಣ್ಣ ರಾಗಿರೊಟ್ಟಿ ತಿಂದು, ವೈಂಡಿಂಗ್‌ಗೆ ಕೊಟ್ಟಿದ್ದ ಪಂಪ್‌ಸೆಟ್ ಮೋಟರು ತರಲು ನಂಜನಗೂಡಿಗೆ ಹೊರಟ. ನಾನು ಅಕ್ಕಿ ಕೇರುತ್ತಿದ್ದೆ. ಏನಾದರೂ ತರಬೇಕಾ ಎಂದು ಕೇಳಿದ. ಹಲ್ಲುಪುಡಿ ಎಂದೆ. ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ ಅದು. ಭಯವಿಲ್ಲದೆ ನಾವಿಬ್ಬರೂ ಮಾತಾಡಿದ್ದು ಅದೇ ಕೊನೆ.

ಸಂಜೆ ಮೋಟರು ಹೊತ್ತುಕೊಂಡು ಬಂದವನು ಅದನ್ನು ಜಗಲಿಯ ಮೇಲೆ ಇಳಿಸಿ ನಗುತ್ತಾ, "ಕಂಡಕ್ಟ್ರು ಇದುಕ್ಕೂ ಅರ್ಧ ಟಿಕೇಟ್ ತಗೊ, ಇನ್ನೂ ಮೀಸೆ ಬಂದಿಲ್ಲ ಅಂತಾನೆ ಕಣವ್ವ" ಎಂದ. ಯಾರೂ ನಗಲಿಲ್ಲ. ಅವ್ವ ಅವನನ್ನು ಒಳಗೆ ಕರೆದು ಬಾಗಿಲು ಹಾಕಿದಳು.

ಅದೇ ಮಧ್ಯಾಹ್ನ ಮೂರರ ಹೊತ್ತಿಗೆ ನಾಲೆಯ ತೂಬಿನ ಹತ್ತಿರ ನೀರಿನ ಸರದಿಗೆ ಜಗಳವಾಗಿ ದೊಡ್ಡಪ್ಪನ ನಾಲ್ಕು ಜನ ಮಕ್ಕಳು ಪಕ್ಕದ ಬೀದಿಯವನೊಬ್ಬನನ್ನು ಹೊಡೆದಿದ್ದರು. ಆಸ್ಪತ್ರೆಯ ದಾರಿಯಲ್ಲೇ ಅವನು ಸತ್ತಿದ್ದ. ಆ ನಾಲ್ವರು ಎಲ್ಲಿರುತ್ತಾರೋ ಅಲ್ಲಿ ಅಣ್ಣನೂ ಇರುತ್ತಾನೆ ಎಂಬುದು ಊರಿಗೆಲ್ಲ ಗೊತ್ತು. ಸತ್ತವನ ತಮ್ಮ ದೂರು ಬರೆಸುವಾಗ ಅಣ್ಣನ ಹೆಸರನ್ನೂ ಸೇರಿಸಿದ. ಮಾರನೆಯ ಬೆಳಿಗ್ಗೆ ಪೊಲೀಸರು ಐವರನ್ನೂ ಹಿಡಿದುಕೊಂಡು ಹೋದರು. ಹಲ್ಲುಪುಡಿಯ ಪೊಟ್ಟಣ ಅಣ್ಣ ಹಿಂದಿನ ದಿನ ಬಿಚ್ಚಿ ಹಾಕಿದ್ದ ಅಂಗಿಯ ಜೇಬಿನಲ್ಲೇ ಇತ್ತು. ಅದರ ಜೊತೆ ಒಂದು ಚೀಟಿ. ಆ ದಿನ ನಂಜನಗೂಡಿನಲ್ಲಿ ಕರೆಂಟ್ ತಡವಾಗಿ ಬಂದಿತ್ತಂತೆ. "ಮೂರೂಕಾಲಿಗೆ ಕರೆಂಟ್ ಬಂದ ಮೇಲೆ ಮೋಟರು ಓಡಿಸಿ ತೋರಿಸಿ ಕೊಟ್ಟಿದೆ" ಎಂದು ವೈಂಡಿಂಗ್ ಅಂಗಡಿಯವನು ತಾರೀಖು ಹಾಕಿ ಬರೆದಿದ್ದ. ಕೆಳಗೆ ಅಣ್ಣನ ಸಹಿ.

ಅಪ್ಪ ತೀರಿಕೊಂಡ ಮೇಲೆ ನಮ್ಮ ಹೊಲ ಉತ್ತವರು, ನನ್ನನ್ನು ಎಸ್ಸೆಸ್ಸೆಲ್ಸಿವರೆಗೆ ಓದಿಸಿದವರು ದೊಡ್ಡಪ್ಪ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಮೈಸೂರಿನ ದೊಡ್ಡ ವಕೀಲರನ್ನು ಗೊತ್ತುಮಾಡಿದ್ದೇನೆ, ಐವರಿಗೂ ಅವರೇ ಎಂದರು. ನಾನು ಚೀಟಿಯನ್ನು ಅವರ ಕೈಗೆ ಕೊಟ್ಟೆ. ಅವರು ಓದಿ, ಮಡಿಚಿ, ಜೇಬಿಗೆ ಹಾಕಿಕೊಂಡು, "ವಕೀಲ್ರಿಗೆ ಕೊಡ್ತೀನಿ ಬುಡವ್ವ" ಎಂದರು.

ಆ ಚೀಟಿಯದೇ ಚಿಂತೆಯಾಗಿ ಎರಡು ದಿನ ನನಗೆ ಅನ್ನ ಸೇರಲಿಲ್ಲ. ತಿ. ನರಸೀಪುರದಲ್ಲಿ ಬರೀ ಕ್ರಿಮಿನಲ್ ಕೇಸು ನಡೆಸುವ ವಕೀಲರೊಬ್ಬರಿದ್ದಾರೆಂದು ಹೈಸ್ಕೂಲಿನ ಮೇಡಂ ಹೇಳಿದರು. ಅವ್ವನಿಗೆ ಮಾತ್ರ ತಿಳಿಸಿ ಹೋದೆ. ಸಣ್ಣ ಕೋಣೆ, ಒಂದು ಬೆಂಚು. ವಕೀಲರು ಮೊದಲು ನೀರು ಕೊಟ್ಟರು. ಆಮೇಲೆ, "ಆ ಮಧ್ಯಾಹ್ನ ನಿಮ್ಮಣ್ಣ ಎಲ್ಲಿದ್ದ?" ಎಂದರು. ಅಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ.

ಚೀಟಿಯ ವಿಷಯ ಹೇಳಿದೆ.

"ಜೆರಾಕ್ಸ್ ಇದೆಯಾ?"

"ಇಲ್ಲ ಸಾ."

"ಅವರ ಕೈಗೇ ಕೊಟ್ಟುಬಿಟ್ಟೆಯಲ್ಲಮ್ಮ! ಅವರ ವಕೀಲರು ಏನು ಹೇಳ್ತಾರಂತೆ, ಗೊತ್ತಾ?"

ಗೊತ್ತಿತ್ತು. ದೊಡ್ಡವ್ವ ಹೇಳಿದ್ದಳು. ಆ ಹೊತ್ತಿನಲ್ಲಿ ಐವರೂ ಬನ್ನೂರಿನ ನೆಂಟರ ಮನೆಯಲ್ಲಿ ಮದುವೆ ಮಾತಿಗೆ ಕೂತಿದ್ದರು ಎಂದು ಹೇಳಿಸುವುದಂತೆ.

"ಐದು ಜನ ಬನ್ನೂರಲ್ಲಿದ್ದರು ಅಂತ ಅವರು. ಒಬ್ಬ ನಂಜನಗೂಡಲ್ಲಿದ್ದ ಅಂತ ನಿನ್ನ ಚೀಟಿ. ಅವರು ಅದನ್ನ ಕೋರ್ಟಿಗೆ ಕೊಡ್ತಾರಾ? ಅವರು ಐವರನ್ನೂ ಒಟ್ಟಿಗೆ ಉಳಿಸಕ್ಕೆ ನೋಡ್ತಾರೆ. ನಿಮ್ಮಣ್ಣನಿಗೆ ಅವನೊಬ್ಬನನ್ನೇ ನೋಡೋ ವಕೀಲ ಬೇಕು. ನಾನೇ ಆಗಬೇಕು ಅಂತಿಲ್ಲ, ಬೇರೆ ಯಾರಾದರೂ ಸರಿ. ಚೀಟಿ ಹೋದರೂ ಅಂಗಡಿಯವನಿದ್ದಾನೆ, ಸಾಕ್ಷಿಗೆ ಕರೆಸಬಹುದು."

ವಕಾಲತ್ತಿನ ಹಾಳೆಯಲ್ಲಿ ಅಣ್ಣನ ಹೆಸರು, ಅಪ್ಪನ ಹೆಸರು, ಊರು ತುಂಬಿಸಿ ಕೊಟ್ಟರು. ಸೋಮವಾರ ಮೈಸೂರಿನ ವಕೀಲರ ಕಡೆಯವರು ಐವರ ಸಹಿ ಪಡೆಯಲು ಜೈಲಿಗೆ ಹೋಗುತ್ತಾರೆ, ಅದಕ್ಕೆ ಮುಂಚೆ ಜೈಲರ್ ಎದುರಿಗೆ ಸಹಿ ಹಾಕಿಸಬೇಕು ಎಂದರು. ಹಾಳೆಯನ್ನು ಕುಪ್ಪಸದೊಳಗೆ ಇಟ್ಟುಕೊಂಡು ಬಸ್ಸು ಹತ್ತಿದೆ. ಊರು ಹತ್ತಿರವಾದಂತೆ ಅದು ಸರಸರ ಸದ್ದು ಮಾಡುತ್ತಿದೆ, ಎಲ್ಲರಿಗೂ ಕೇಳಿಸುತ್ತಿದೆ ಅನ್ನಿಸುತ್ತಿತ್ತು.

ದೊಡ್ಡಪ್ಪ ನಮ್ಮ ಜಗಲಿಯ ಮೇಲೆ ಕೂತಿದ್ದರು.

"ನರಸೀಪುರಕ್ಕೆ ಓಗಿದ್ಯಂತೆ?"

"ಹಲ್ಲು ನೋವು ದೊಡ್ಡಪ್ಪ."

"ಆ ಊರ ವಕೀಲ್ರು ಅಲ್ನೂ ಕೀಳ್ತಾರೇನವ್ವ?"

ಅವರಿಗೆ ಕೋಪ ಬಂದಿರಲಿಲ್ಲ. ಬಂದಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಅವ್ವ ಕೊಟ್ಟ ಕಾಫಿಯನ್ನು ನಿಧಾನವಾಗಿ ಕುಡಿದು ಲೋಟ ಕೆಳಗಿಟ್ಟು, "ಐದು ಜನಕ್ಕೂ ಒಂದೇ ವಕಾಲತ್ತು. ಅವನೊಬ್ಬ ಬ್ಯಾರೆ ಆದ್ರೆ ನನ್ ನಾಕು ಮಕ್ಳ ಕುತ್ಗೆಗೆ ನೀನೇ ಅಗ್ಗ ಆಕ್ದಂಗೆ" ಎಂದು ಹೇಳಿ ಎದ್ದು ಹೋದರು. ಆಮೇಲೆ ಗೋಡೆಯಾಚೆ ದೊಡ್ಡವ್ವ ಅಳುವುದು ಕೇಳಿಸಿತು. ಅವ್ವ ದೀಪ ಹಚ್ಚುವುದನ್ನೇ ಮರೆತಳು.

ಶನಿವಾರ ಮೈಸೂರಿನ ಜೈಲಿಗೆ ಹೋದೆ. ಜಾಲರಿಯಾಚೆ ನಿಂತ ಅಣ್ಣ ಮೊದಲು ಕೇಳಿದ್ದು, "ಮೋಟ್ರು ಕೂರ್ಸುದ್ರಾ?" ಎಂದು. ಸುತ್ತಲೂ ಎಲ್ಲರೂ ಕೂಗಿ ಮಾತಾಡುತ್ತಿದ್ದರು. ನಾನೂ ಕೂಗಿಯೇ ಎಲ್ಲವನ್ನೂ ಹೇಳಿದೆ. ಹಾಳೆ ತೋರಿಸಿದೆ.

"ದೊಡ್ಡಪ್ಪುಂಗೆ ಗೊತ್ತಾ?"

"ಗೊತ್ತು."

ಅವನು ಜಾಲರಿಗೆ ಹಣೆ ಒತ್ತಿದ. "ಅಲ್ಲಿ ನೀನೂ ಅವ್ವನೂ ಇಬ್ರೇ ಇರದು" ಎಂದ. ಆಮೇಲೆ, "ಮಡ್ಚಿ ಇಟ್ಕೊ. ಐದು ಜನಾನೂ ಒಟ್ಗೇ ಬತ್ತೀವಿ."

ಹಾಕು ಅಣ್ಣ ಎಂದು ನಾನು ಹೇಳಬಹುದಿತ್ತು. ಇನ್ನೂ ಹೊತ್ತಿತ್ತು, ಪೆನ್ನೂ ಇತ್ತು. ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಮನೆಯ ಆ ಒಂದೇ ಗೋಡೆ. ಹಾಳೆಯನ್ನು ಮಡಿಚಿಕೊಂಡೆ. ಹಾಗೆ ಮಡಿಚುವಾಗ ನನಗೆ ಸ್ವಲ್ಪ ಸಮಾಧಾನವಾಯಿತು ಎಂಬುದನ್ನು ಅವ್ವನಿಗೂ ಹೇಳಿಲ್ಲ. ಇವತ್ತು ಬರೆಯುತ್ತಿದ್ದೇನೆ.

ವಿಚಾರಣೆ ಬರಲು ಎರಡು ವರ್ಷವಾಯಿತು. ಬನ್ನೂರಿನಿಂದ ಬಂದ ಸಾಕ್ಷಿ ಪಾಟೀಸವಾಲಿನಲ್ಲಿ ತಡವರಿಸಿ, ಮದುವೆ ಮಾತು ನಡೆದದ್ದು ಹಿಂದಿನ ದಿನ ಎಂದುಬಿಟ್ಟ. ನಂಜನಗೂಡಿನ ಅಂಗಡಿಯವನನ್ನು ಯಾರೂ ಕರೆಸಲಿಲ್ಲ. ಐವರಿಗೂ ಜೀವಾವಧಿ ಶಿಕ್ಷೆಯಾಯಿತು. ಅಪೀಲು ಇನ್ನೂ ವಿಚಾರಣೆಗೆ ಬಂದಿರಲಿಲ್ಲ, ಜೈಲು ಸೇರಿದ ನಾಲ್ಕನೆಯ ವರ್ಷ ಅಣ್ಣ ಕಾಮಾಲೆಯಾಗಿ ಜೈಲಿನಲ್ಲೇ ತೀರಿಕೊಂಡ. ಮಣ್ಣಿಗೆ ಹೆಗಲು ಕೊಟ್ಟವರಲ್ಲಿ ದೊಡ್ಡಪ್ಪನೂ ಒಬ್ಬರು. ಚೀಟಿ ಎಲ್ಲಿ ಎಂದು ಅದಾದ ಮೇಲೆ ಒಮ್ಮೆ ಕೇಳಿದೆ. "ವಕೀಲ್ರಿಗೆ ಕೊಟ್ಟೆ ಕಣವ್ವ" ಎಂದರು. ಅವರ ಕಣ್ಣು ನೆಲದ ಮೇಲಿತ್ತು. ಮತ್ತೆ ಕೇಳಲಿಲ್ಲ.

ಆ ಹಾಳೆ ನನ್ನ ಟ್ರಂಕಿನಲ್ಲಿದೆ. ಮಡಿಕೆಯ ಕಡೆ ಹರಿದಿದೆ. ಅಣ್ಣನ ಹೆಸರು, ಅಪ್ಪನ ಹೆಸರು, ಊರು, ಎಲ್ಲ ಆ ವಕೀಲರ ದುಂಡು ಅಕ್ಷರದಲ್ಲಿ ಇನ್ನೂ ಓದಲು ಬರುತ್ತವೆ. ಕೆಳಗೆ ಅಣ್ಣನ ಸಹಿ ಇಲ್ಲ.