ಹಸಿರು ಪರದೆಯ ರಫೂ

ನಮ್ಮತ್ತೆ ಜೊತೆ ದಿನಕ್ಕೆ ಎರಡು ಸಲವಾದರೂ ಜಗಳವಾಡದಿದ್ದರೆ ಅವರಿಗೂ ಹೊತ್ತು ಹೋಗಲ್ಲ, ನನಗೂ ಹೋಗಲ್ಲ. ಹಾಗಂತ ಬೇರೆ ಯಾರಾದರೂ ಅವರ ಬಗ್ಗೆ ಒಂದು ಮಾತೆತ್ತಲಿ, ಸುಮ್ಮನೆ ಬಿಡೋಳಲ್ಲ ನಾನು.

ಅತ್ತೆ ನಲವತ್ತು ವರ್ಷ ರಫೂ ಕೆಲಸ ಮಾಡಿದವರು. ಹರಿದ ಬಟ್ಟೆಯನ್ನು ಹರಿದೇ ಇರಲಿಲ್ಲವೇನೋ ಅನ್ನುವ ಹಾಗೆ ಎಳೆ ಎಳೆಯಾಗಿ ಹೆಣೆದು ಮುಚ್ಚುವ ಕೆಲಸ. ಅದಕ್ಕೆ ದಾರವನ್ನು ಅಂಗಡಿಯಿಂದ ತರುತ್ತಿರಲಿಲ್ಲ. ಅದೇ ಬಟ್ಟೆಯ ಕೆಳ ಅಂಚಿನ ಮಡಿಕೆಯಿಂದ ಎಳೆ ಬಿಡಿಸಿಕೊಳ್ಳುತ್ತಿದ್ದರು. "ಅಂಗಡಿ ದಾರ ಚಾಡಿ ಹೇಳುತ್ತೆ ಕಣೆ" ಅನ್ನುತ್ತಿದ್ದರು.

ಅವರಿಗೆ ಇಪ್ಪತ್ತನಾಲ್ಕಾಗಿದ್ದಾಗ ಗಿರಣಿ ಮಾಲೀಕರ ಬಂಗಲೆಯಿಂದ ಕರೆ ಬಂತಂತೆ. ಮಾಲೀಕರು ತಮ್ಮ ಗಿರಣಿಯಲ್ಲೇ ನೇಯಿಸಿದ ಮೊದಲ ರೇಷ್ಮೆ ಪರದೆಗಳಲ್ಲಿ ಒಂದಕ್ಕೆ, ತಮ್ಮದೇ ಚುರುಟಿನಿಂದ ಅಂಗೈಯಗಲ ತೂತು ಮಾಡಿಟ್ಟಿದ್ದರು, ಪುಣ್ಯಾತ್ಮರು! ಅತ್ತೆ ಹನ್ನೊಂದು ದಿನ ಕಿಟಕಿ ಪಕ್ಕ ಕೂತು ಅದನ್ನು ಮುಚ್ಚಿದರು. ಕೊನೆಯ ದಿನ ಬೆಳಕು ಇಳಿಯುತ್ತಿತ್ತು, ಕಡೆಯ ಆರೇಳು ಎಳೆ ಅವಸರದಲ್ಲಿ ಎಳೆದುಬಿಟ್ಟೆ ಅನ್ನುವ ಕೊರಗು ಐವತ್ತು ವರ್ಷದಿಂದ ಅವರನ್ನು ತಿನ್ನುತ್ತಿತ್ತು. ಮದುವೆ, ಮೂರು ಹೆರಿಗೆ, ಮಾವನ ಸಾವು, ಎಲ್ಲ ಆಗಿಹೋದರೂ ಇದು ಹೋಗಲಿಲ್ಲ.

ಈಗ ಆ ಬಂಗಲೆ ಟಿಕೆಟ್ ತೆಗೆದುಕೊಂಡು ನೋಡುವ ಜಾಗ. ಹೋದ ತಿಂಗಳು ಡಾಕ್ಟರು ಅತ್ತೆಯನ್ನು ನೋಡಿ, ಅಜ್ಜಿಯ ಕಣ್ಣಿನ ನರ ಒಣಗ್ತಿದೆ, ಇನ್ನು ಕನ್ನಡಕದಿಂದ ಪ್ರಯೋಜನವಿಲ್ಲ ಅಂದರು. ಮನೆಗೆ ಬಂದವರೇ ಅತ್ತೆ, "ಪೂರ್ತಿ ಹೋಗೋದರೊಳಗೆ ಆ ರಫೂ ನಿಂತಿದೆಯೋ ಬಿಟ್ಕೊಂಡಿದೆಯೋ ನೋಡ್ಬೇಕು. ಕರ್ಕೊಂಡು ಹೋಗೇ" ಅಂದರು.

ಹೋದೆವು. ಕೊರಳಿಗೆ ಟೈ ಬಿಗಿದ ಗೈಡ್ ತೂಗುದೀಪ ತೋರಿಸಿದ, ಗೋಡೆಯೊಳಗಿನ ತಿಜೋರಿ ತೋರಿಸಿದ, ಮಾಲೀಕರ ಸ್ನಾನದ ತೊಟ್ಟಿಯನ್ನಂತೂ ಕಣ್ಣಿಗೊತ್ತಿಕೊಳ್ಳುವ ಹಾಗೆ ಬಣ್ಣಿಸಿದ. ಅತ್ತೆ "ಹೂಂ, ಹೂಂ, ಮುಂದೆ ನಡಿ" ಅಂತ ನನ್ನ ಬೆನ್ನು ತಿವಿಯುತ್ತಲೇ ಇದ್ದರು.

ದೊಡ್ಡ ಹಾಲಿನಲ್ಲಿ ನಾಲ್ಕು ಹಸಿರು ಪರದೆ, ಮುಂದೆ ಅಡ್ಡ ಹಗ್ಗ. ಅತ್ತೆ ಹಗ್ಗಕ್ಕೆ ಹೊಟ್ಟೆ ತಾಗಿಸಿ ನಿಂತು ಕಣ್ಣು ಕಿರಿದು ಮಾಡಿದರು, ಅಗಲ ಮಾಡಿದರು.

"ಬರೀ ಹಸಿರು ಕಾಣ್ತಿದೆ ಕಣೆ." ನನ್ನನ್ನು ಮುಂದಕ್ಕೆ ತಳ್ಳಿದರು. "ನೀನೇ ನೋಡು. ಮೂರನೇದು, ಸೊಂಟದೆತ್ತರದಲ್ಲಿ, ಬಳ್ಳಿ ಕವಲೊಡೆಯೋ ಕಡೆ."

ಬಗ್ಗಿ ನೋಡಿದೆ. ನನ್ನಾಣೆ, ಏನೂ ಕಾಣಲಿಲ್ಲ. "ಏನೂ ಗೊತ್ತಾಗಲ್ಲ ಅತ್ತೆ, ಬಟ್ಟೆ ನೆಟ್ಟಗಿದೆ."

"ನೀನು ನನ್ನ ಸಮಾಧಾನಕ್ಕೆ ಹೇಳ್ತೀಯ. ಯಾರಾದ್ರೂ ಹೊರಗಿನವರು ಹೇಳಿದ್ರೆ ನಂಬ್ತೀನಿ."

ನೋಡಿ ಇವರನ್ನ! ಜಗಳದಲ್ಲೆಲ್ಲ ನಾನು ಹೊರಗಿನವಳು, ಈ ಹೊತ್ತಿಗೆ ಮಾತ್ರ ಮನೆಯವಳಾಗಿಬಿಟ್ಟೆ. ಆದರೆ ಅವರ ಮುಖ ನೋಡಿ ನನಗೆ ತಿರುಗಿ ಮಾತಾಡಲು ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಗೈಡ್ ನಮ್ಮ ಕಡೆಗೇ ಬಂದ. "ಈ ಪರದೆಗಳು ಮಗ್ಗದಿಂದ ಇಳಿಸಿದ ಹಾಗೇ ಇವೆ. ಹೋದ ವರ್ಷ ಬಟ್ಟೆ ತಜ್ಞರು ಬಂದು ನಾಲ್ಕನ್ನೂ ನೋಡಿದ್ರು. ಒಂದು ಸೂಜಿಮೊನೆನೂ ತಾಗಿಲ್ಲ ಅಂದ್ರು. ಮೂರನೇದರ ಕೆಳ ಅಂಚು ಮಾತ್ರ ಸ್ವಲ್ಪ ತೆಳ್ಳಗಾಗಿದೆ. ನೆಲಕ್ಕೆ ಉಜ್ಜಿ ಸವೆದಿರಬೇಕು."

ಸವೆದಿರಬೇಕಂತೆ! ರಫೂಗೆ ಅಂತ ಅತ್ತೆ ಎಳೆ ಬಿಡಿಸಿದ ಜಾಗ ಅದು! ಮೈಯೆಲ್ಲ ಉರಿದುಹೋಯಿತು. "ಏನ್ರೀ ಸ್ವಾಮಿ..." ಅಂತ ಶುರು ಮಾಡಿದೆ. ಅತ್ತೆ ನನ್ನ ತೋಳನ್ನು ಹೇಗೆ ಚಿವುಟಿದರೆಂದರೆ ಮಾತು ಅಲ್ಲೇ ನಿಂತಿತು. ಗುಂಪು ಪಕ್ಕದ ಕೋಣೆಗೆ ಹೋಯಿತು, ನಾವಿಬ್ಬರೇ ಉಳಿದೆವು.

ಅತ್ತೆಯ ಕೆನ್ನೆ ಒದ್ದೆಯಾಗಿತ್ತು, ಬಾಯಿ ನಗುತ್ತಿತ್ತು. "ಕೇಳಿದ್ಯಾ? ಸೂಜಿಮೊನೆನೂ ತಾಗಿಲ್ವಂತೆ!"

"ಅದೇ ಅನ್ಯಾಯ! ಹನ್ನೊಂದು ದಿನ ಕೂತು ಕಣ್ಣು ಸವೆಸಿದವರು ನೀವು. ತಡೀರಿ, ಹೇಳಿ ಬರ್ತೀನಿ. ನಿಮ್ಮ ಹೆಸರಿನ ಬೋರ್ಡು ಹಾಕ್ಲಿ ಇಲ್ಲಿ."

"ಅಯ್ಯೋ ಹುಚ್ಚಿ" ಅಂತ ನನ್ನ ಕೈ ಹಿಡಿದುಕೊಂಡರು. "ಹೇಳಿದ್ರೆ ನಾಳೆಯಿಂದ ಬಂದವರೆಲ್ಲ ಅದನ್ನೇ ಹುಡುಕ್ತಾರೆ. ಹುಡುಕಿದ್ರೆ ಸಿಕ್ಕೇ ಸಿಗುತ್ತೆ ಕಣೆ."

ಅವರ ಕೈ ಬಿಡದೆ ಪಕ್ಕದ ಕೋಣೆಗೆ ಹೊರಟೆ. ಆ ಪರದೆಯ ಕಡೆ ಮತ್ತೆ ತಿರುಗಿ ನೋಡಲಿಲ್ಲ.